ಶಾಂತಿಪಾಲನೆ: ನಿಷ್ಪಕ್ಷಪಾತ ಬೇರೆ, ತಟಸ್ಥತೆ ಬೇರೆ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವರು ಎಷ್ಟೋ ಸಲ ಪಾಠವನ್ನು ಮಲಯಾಳದಲ್ಲಿ ಕೇಳಿ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಾರೆ. ಆಗ ಹತ್ತಿರದ ಪದಗಳು ಕಲಸಿಹೋಗುತ್ತವೆ. ವಿಶ್ವಸಂಸ್ಥೆಯ ಪಾಠದಲ್ಲಿ ಹೆಚ್ಚು ತೊಡಕಾಗುವುದು ಶೀರ್ಷಿಕೆಯಲ್ಲಿರುವ ಈ ಜೋಡಿ.

1945ರ ಸನ್ನದಿನಲ್ಲಿ ‘ಶಾಂತಿಪಾಲನೆ’ (ಕದನದ ಪಕ್ಷಗಳ ನಡುವೆ ವಿಶ್ವಸಂಸ್ಥೆಯ ಪಡೆ ನಿಂತು ಶಾಂತಿ ಕಾಯುವುದು) ಎಂಬ ಮಾತೇ ಇಲ್ಲ. ಆರನೇ ಅಧ್ಯಾಯ (ವಿಧಿ 33–38) ಮಾತುಕತೆ, ಮಧ್ಯಸ್ಥಿಕೆಗಳದ್ದು. ಏಳನೆಯದು (39–51) ದಿಗ್ಬಂಧನ, ಸೇನಾಕ್ರಮಗಳದ್ದು. ಎರಡರ ನಡುವೆ ಬೆಳೆದ ಪದ್ಧತಿಯಾದ್ದರಿಂದ ಇದಕ್ಕೆ ‘ಆರೂವರೆ ಅಧ್ಯಾಯ’ ಎಂಬ ಹೆಸರು ಬಂತು. 1948ರಲ್ಲಿ ಪಶ್ಚಿಮ ಏಷ್ಯಾಕ್ಕೆ ಹೋದವರು ನಿರಾಯುಧ ವೀಕ್ಷಕರು. ಆಯುಧ ಹಿಡಿದ ಮೊದಲ ಪಡೆ 1956ರಲ್ಲಿ ಈಜಿಪ್ಟಿನ ಸೂಯೆಜ್ ಬಿಕ್ಕಟ್ಟಿನದು. ಒಂದಂಕದ ಪ್ರಶ್ನೆಯಲ್ಲಿ ಜಾರುವುದು ಇಲ್ಲೇ.

ಪಡೆ ಕಳಿಸಲು ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವೀಟೋ ಹಾಕಿರಬಾರದು. 1956ರಲ್ಲಿ ಬ್ರಿಟನ್, ಫ್ರಾನ್ಸ್ ವೀಟೋ ಹಾಕಿದ್ದರಿಂದ ಆ ಪಡೆಯನ್ನು ಮಹಾಸಭೆಯೇ ರಚಿಸಿತು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ, ಸೈನಿಕರನ್ನು ಸದಸ್ಯ ದೇಶಗಳು ಕೊಡಬೇಕು.

ತತ್ವಗಳು ಮೂರು: ಕದನದ ಪಕ್ಷಗಳ ಸಮ್ಮತಿ, ನಿಷ್ಪಕ್ಷಪಾತ, ಆತ್ಮರಕ್ಷಣೆಗೂ ಒಪ್ಪಿಸಿದ ಕೆಲಸದ ರಕ್ಷಣೆಗೂ ಬಿಟ್ಟು ಬಲಪ್ರಯೋಗ ಮಾಡದಿರುವುದು.

ಎರಡನೆಯದಕ್ಕೆ ನಮ್ಮ ಕಡೆಯದೇ ಒಂದು ಚಿತ್ರ. ಗುಡ್ಡ ಕೊರೆದ ಒಂದು ಸುರಂಗದ ನೀರು, ಎರಡು ಅಡಿಕೆ ತೋಟ. ದಿನ ಬಿಟ್ಟು ದಿನ ಸರದಿ ಎಂದು ಅಣ್ಣತಮ್ಮಂದಿರು ಒಪ್ಪಿ, ಟ್ಯಾಂಕಿಯ ಬಳಿ ಒಬ್ಬ ಹಿರಿಯರನ್ನು ನಿಲ್ಲಿಸುತ್ತಾರೆ. ರಾತ್ರಿ ಒಬ್ಬ ಸರದಿ ತಪ್ಪಿಸಿ ನೀರು ತಿರುಗಿಸಿದ. ಹಿರಿಯರು ನೋಡಿಯೂ ಸುಮ್ಮನಿದ್ದರೆ ಅದು ತಟಸ್ಥತೆ. ತಿರುಗಿಸಿದವನು ಯಾರೇ ಆಗಲಿ, ಹೋಗಿ ನೀರು ಕಟ್ಟಿದರೆ ಅದು ನಿಷ್ಪಕ್ಷಪಾತ. ಅವರ ನಿಷ್ಠೆ ಒಪ್ಪಂದಕ್ಕೆ.

ಇದು ತಪ್ಪಿದಾಗ ಏನಾಗುತ್ತದೆ? ರುವಾಂಡಾದಲ್ಲಿ 1994ರ ಏಪ್ರಿಲ್ 7ರಿಂದ ಹತ್ಯಾಕಾಂಡ ನಡೆಯುತ್ತಿದ್ದಾಗ, ಸುಮಾರು 2,500 ಜನರಿದ್ದ ಪಡೆಯನ್ನು 270ಕ್ಕೆ ಇಳಿಸಲು ಮಂಡಳಿ ಏಪ್ರಿಲ್ 21ರಂದು ತೀರ್ಮಾನಿಸಿತು. ಬೋಸ್ನಿಯಾದ ‘ಸುರಕ್ಷಿತ ವಲಯ’ಗಳಿಗೆ 34,000 ಸೈನಿಕರು ಬೇಕೆಂಬ ಅಂದಾಜಿತ್ತು, ಮಂಜೂರಾದದ್ದು ಸುಮಾರು 7,600. ಅಂಥ ವಲಯವಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ ಸುಮಾರು 8,000 ಗಂಡಸರು, ಹುಡುಗರು ಕೊಲೆಯಾದರು. ಒಪ್ಪಿಸಿದ ಕೆಲಸಕ್ಕೂ ಕೊಟ್ಟ ಬಲಕ್ಕೂ ಇರುವ ಈ ಅಂತರವನ್ನು ಉತ್ತರದಲ್ಲಿ ಅಂಕಿ ಸಮೇತ ಬರೆಯಿರಿ.

1967ರದ್ದು ಬೇರೆ ಬಗೆ. 1956ರ ಆ ಸೂಯೆಜ್ ಪಡೆ ತನ್ನ ನೆಲದಲ್ಲಿ ನಿಲ್ಲಲು ಇಸ್ರೇಲ್ ಬಿಟ್ಟಿರಲಿಲ್ಲ, ಅದು ನಿಂತಿದ್ದು ಈಜಿಪ್ಟಿನ ಕಡೆ ಮಾತ್ರ. ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಿ ಎಂದಿತು, ಜೂನ್ 5ಕ್ಕೆ ಯುದ್ಧ. ಇಲ್ಲಿ ಮುರಿದದ್ದು ಮೊದಲ ತತ್ವ, ಸಮ್ಮತಿ.

ಭಾರತದ ಪಾತ್ರ ಕೇಳಿದರೆ, ಪಾಣತ್ತೂರು ದಾಟಿದರೆ ಸಿಗುವ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಮರೆಯಬೇಡಿ. ಅವರು 1964ರಿಂದ ಸೈಪ್ರಸ್ ಪಡೆಯ ದಂಡನಾಯಕರಾಗಿದ್ದು, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಆ ಪಡೆ ಇನ್ನೂ ಅಲ್ಲಿದೆ: ಗುಂಡು ನಿಂತಿದೆ, ವಿವಾದ ಬಗೆಹರಿದಿಲ್ಲ. ಶಾಂತಿಪಾಲನೆಗೂ ಶಾಂತಿಸಂಧಾನಕ್ಕೂ ವ್ಯತ್ಯಾಸ ಕೇಳಿದಾಗ ಸೈಪ್ರಸ್ಸನ್ನೇ ಉದಾಹರಣೆ ಕೊಡಿ.