ವರದಿಯಲ್ಲಿ 47 ಅಂತ ಬಂದಾಗ

ಕಳೆದ ಮಳೆಗಾಲದಲ್ಲಿ ಘಟ್ಟದ ಕೆಳಗಿನ ಊರೊಂದರಿಂದ ಒಂದು ಕುಟುಂಬ ಶಿರಸಿಯ ನನ್ನ ಕ್ಲಿನಿಕ್ಕಿಗೆ ಬಂತು. 26ರ ತಾಯಿ, ಎರಡು ತಿಂಗಳ ಗಂಡು ಮಗು, ಜೊತೆಗೆ ಅತ್ತೆ. ಕೈಯಲ್ಲಿದ್ದ ವರದಿಯಲ್ಲಿ ಒಂದು ಸಾಲು: 47, ಎಕ್ಸ್‌ವೈ, +21. ಅಂದರೆ ಡೌನ್ ಸಿಂಡ್ರೋಮ್, ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಹುಟ್ಟಿನಿಂದಲೇ ಬಂದ ಸ್ಥಿತಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು, "ಗ್ರಹಣದ ದಿನ ಇವಳು ಹೊರಗೆ ಹೋಗಿದ್ದಳು ಡಾಕ್ಟ್ರೇ. ಅದಕ್ಕೇ ಹೀಗಾಯ್ತಾ?" ಸೊಸೆ ತಲೆ ಎತ್ತಲಿಲ್ಲ.

ಗ್ರಹಣ ಅಲ್ಲ. ಪಪ್ಪಾಯಿ ತಿಂದದ್ದೂ ಅಲ್ಲ, ಕೊಡ ಹೊತ್ತದ್ದೂ ಅಲ್ಲ. ಆದರೆ ಸುಮ್ನೆ "ಅಲ್ಲ" ಅಂದರೆ ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಮತ್ತೆ ಎಂತ ಅಂತ ಹೇಳಬೇಕು.

ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲಿ 46 ಕ್ರೋಮೋಸೋಮ್ ಇವೆ, ಅಂದರೆ ಜೀನ್‌ಗಳನ್ನು (ವಂಶವಾಹಿಗಳನ್ನು) ಹೊತ್ತ ಕಡ್ಡಿಯಂಥ ರಚನೆಗಳು. 23 ಜೋಡಿ. ಅಂಡಾಣು, ವೀರ್ಯಾಣು ತಯಾರಾಗುವಾಗ ಪ್ರತಿ ಜೋಡಿ ಬೇರೆಯಾಗಿ ಒಂದೊಂದೇ ಉಳಿಯಬೇಕು. ಕೋಶದ ಎರಡು ತುದಿಯಿಂದ ಸಣ್ಣ ಎಳೆಗಳು ಬಂದು ಜೋಡಿಯನ್ನು ಹಿಡಿದು ಆಚೆ ಈಚೆ ಎಳೆಯುತ್ತವೆ. ಎಳೆಯುವವರೆಗೂ ಜೋಡಿ ಒಟ್ಟಿಗಿರಲಿ ಅಂತ ಕೊಹಿಸಿನ್ ಎಂಬ ಪ್ರೋಟೀನು ಕಟ್ಟು ಹಾಕಿರುತ್ತದೆ. ಈ ಕಟ್ಟು ಬೇಗ ಸಡಿಲವಾದರೆ ಎಳೆಗಳ ಹಿಡಿತ ತಪ್ಪುತ್ತದೆ. ಎರಡೂ ಒಂದೇ ಕಡೆ ಹೋಗಿಬಿಡಬಹುದು. ಆಗ ಒಂದು ಅಂಡಾಣುವಿಗೆ 24, ಇನ್ನೊಂದು ಪಾಲಿಗೆ 22. ಆ 24ಕ್ಕೆ ವೀರ್ಯಾಣುವಿನ 23 ಸೇರಿದರೆ 47. ಹೀಗೆ ಜಾಸ್ತಿಯಾದದ್ದು 21ನೆಯ ಕ್ರೋಮೋಸೋಮ್ ಆದರೆ ಡೌನ್ ಸಿಂಡ್ರೋಮ್; ವರದಿಯ +21 ಅಂದರೆ ಅದೇ.

ನಾನು ಆ ತಾಯಿಗೆ ಮುಖ್ಯವಾಗಿ ಹೇಳಿದ್ದು ಇದರ ಕಾಲದ ಲೆಕ್ಕ. ಹೆಣ್ಣುಮಗು ಇನ್ನೂ ಅಮ್ಮನ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳಲ್ಲಿ ಈ ವಿಭಜನೆ ಶುರುವಾಗುತ್ತದೆ. ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಮುಂದುವರಿಯುವುದು ಅವಳು ದೊಡ್ಡವಳಾಗಿ, ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಅಲ್ಲಿಯವರೆಗೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆ ಕಟ್ಟು ಹಾಗೇ ಕಾಯುತ್ತಿರಬೇಕು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಕಟ್ಟಿದ ದಾರ ವರ್ಷ ಕಳೆದಂತೆ ಜೀರ್ಣವಾಗುತ್ತದಲ್ವಾ, ಹಾಗೆ ಇದೂ. 25ರ ತಾಯಿಗೆ ಸುಮಾರು 1,200 ಹೆರಿಗೆಗೆ ಒಂದು ಡೌನ್ ಮಗು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೂ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎಳೆ ವಯಸ್ಸಿನ ತಾಯಂದಿರಿಗೇ ಹುಟ್ಟುತ್ತಾರೆ, ಯಾಕೆಂದರೆ ಹೆರುವವರಲ್ಲಿ ಅವರೇ ಜಾಸ್ತಿ. ಕೆಲವು ಸಲ ತಪ್ಪುವುದು ತಂದೆಯ ವೀರ್ಯಾಣುವಿನಲ್ಲಿ. "ತಂಗೀ, ಬಸುರಿ ಅಂತ ನಿನಗೆ ಗೊತ್ತಾಗುವ ಹೊತ್ತಿಗೆ ಇದೆಲ್ಲ ಮುಗಿದು ಹೋಗಿತ್ತು" ಅಂದೆ. ಆಗ ಅವಳು ಅತ್ತಳು. ಅತ್ತೆ ಮಗುವನ್ನು ತನ್ನ ಮಡಿಲಿಗೆ ತೆಗೆದುಕೊಂಡರು.

ಈ ಎಣಿಕೆ ಹೇಗೆ ಮಾಡುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ನಮ್ಮ ಬೇಲಿ, ಬೇಣಗಳಲ್ಲಿ ಕೆಂಪು-ಹಳದಿ ಗೌರಿ ಹೂ ಅರಳುತ್ತದೆ. ಅದರ ಗೆಡ್ಡೆ, ಬೀಜದಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಕೋಶದೊಳಗಿನ ಆ ಎಳೆಗಳನ್ನು ಕಟ್ಟಲು ಬಿಡದಿರುವುದೇ ಅದರ ಕೆಲಸ. ಮಗುವಿನ ಒಂದೆರಡು ಮಿಲಿ ರಕ್ತದ ಕೋಶಗಳನ್ನು ಸುಮಾರು ಮೂರು ದಿನ ಬೆಳೆಸಿ, ಕಾಲ್ಚಿಸಿನ್ ಬಳಗದ ಮದ್ದು ಹಾಕಿದರೆ ವಿಭಜನೆ ನಡುವೆಯೇ ನಿಂತುಬಿಡುತ್ತದೆ. ಕ್ರೋಮೋಸೋಮ್‌ಗಳು ಸ್ಪಷ್ಟವಾಗಿ ಕಾಣುತ್ತವೆ. ಆಗ ಬಣ್ಣ ಹಾಕಿ ಎಣಿಸುತ್ತಾರೆ. ಮನುಷ್ಯರಿಗೆ 46 ಅಂತ ಖಚಿತವಾದದ್ದು 1956ರಲ್ಲಿ. ಡೌನ್ ಮಕ್ಕಳಲ್ಲಿ ಒಂದು ಜಾಸ್ತಿ ಅಂತ ಫ್ರಾನ್ಸಿನಲ್ಲಿ ಪ್ರಕಟವಾದದ್ದು 1959ರಲ್ಲಿ.

ಒಂದು ಜಾಸ್ತಿಯಾದರೆ ಏನು ಕಷ್ಟ? ತೋಟದ ಪಚ್ಚಬಾಳೆಗೆ 33 ಕ್ರೋಮೋಸೋಮ್, ಅದರ ಮೂಲದ ಕಾಡುಬಾಳೆಗೆ 22. ಇಡೀ ಕಂತೆಯೇ ಒಂದು ಹೆಚ್ಚು. ಹುಳಿಗೆ ಎಲ್ಲವನ್ನೂ ಒಂದೂವರೆ ಪಟ್ಟು ಹಾಕಿದ ಹಾಗೆ. ಬೀಜ ಕಟ್ಟುವುದಿಲ್ಲ ಅನ್ನುವುದು ಬಿಟ್ಟರೆ ಗಿಡ ಚೆನ್ನಾಗಿಯೇ ಇರುತ್ತದೆ. ಮನುಷ್ಯರ ಭ್ರೂಣ ಅದನ್ನು ತಡೆದುಕೊಳ್ಳುವುದಿಲ್ಲ. ಉಪ್ಪೊಂದೇ ಜಾಸ್ತಿ ಬಿದ್ದ ಹಾಗೆ ಒಂದು ಕ್ರೋಮೋಸೋಮ್ ಮಾತ್ರ ಹೆಚ್ಚಾದರೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್ ವ್ಯತ್ಯಾಸವೇ. ಗರ್ಭ ನಿಲ್ಲಲಿಲ್ಲ ಅಂತ ಬೈಸಿಕೊಂಡ ಹೆಣ್ಣುಮಕ್ಕಳಿಗೆ ಈ ಮಾತು ತಲುಪಲೇಬೇಕು. 21ನೆಯದರಲ್ಲಿ ಜೀನ್‌ಗಳು ಕಡಿಮೆ, ಅದಕ್ಕೇ ಆ ಮಕ್ಕಳು ಬದುಕಿ ಹುಟ್ಟುತ್ತಾರೆ, ಬೆಳೆಯುತ್ತಾರೆ.

"ಇನ್ನೊಂದು ಮಗು ಮಾಡಿಕೊಳ್ಳಬಹುದಾ?" ಇದಕ್ಕೆ ಉತ್ತರ ವರದಿಯಲ್ಲೇ ಇದೆ. ಸುಮಾರು 95% ಮಕ್ಕಳಲ್ಲಿ 21ನೆಯದು ಬಿಡಿಯಾಗಿ ಮೂರು ಇರುತ್ತದೆ. ಆಗ ಎಳೆ ವಯಸ್ಸಿನ ತಾಯಿಗೆ ಮತ್ತೆ ಹೀಗಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ 21ನೆಯದರ ಹೆಚ್ಚುವರಿ ತುಂಡು ಬೇರೆ ಕ್ರೋಮೋಸೋಮ್‌ಗೆ ಅಂಟಿಕೊಂಡಿರುತ್ತದೆ. ಆಗ ಮಾತ್ರ ತಂದೆತಾಯಿ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಮಗುವಿನ ಮುಖ ನೋಡಿ ರೋಗ ಗುರುತಿಸಿ, ಮಗುವಿನ ಕ್ರೋಮೋಸೋಮ್ ಪರೀಕ್ಷೆ ಬೇಡ ಅಂತ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಈ ಮಗುವಿನದು ಬಿಡಿಯಾದದ್ದೇ. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಅದೇ ವಾರ ಎಕೋ ಮಾಡಿಸಲು ಚೀಟಿ ಬರೆದೆ, ಥೈರಾಯ್ಡ್ ಮತ್ತು ಕಿವಿಯ ಪರೀಕ್ಷೆಗೂ. ಹೊರಡುವಾಗ ಅತ್ತೆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಹೃದಯದ್ದು ಮೊದಲು ಅಲ್ವಾ ಡಾಕ್ಟ್ರೇ?" ಅಂತ ಎರಡು ಸಲ ಕೇಳಿದರು.