ಓಲ್ಡ್‌ಬಾಯ್ ಮಾಂಗಾದಲ್ಲೂ ಆ ಗುಟ್ಟು ಇದೆಯಾ?

ಪ್ರಶ್ನೆ: “ಕೊರಿಯಾದ ಓಲ್ಡ್‌ಬಾಯ್ ಸಿನಿಮಾ ನೋಡಿ ಎರಡು ದಿನ ನಿದ್ದೆ ಬರಲಿಲ್ಲ ಸರ್. ಮೂಲ ಜಪಾನಿ ಮಾಂಗಾ, ಅಂದರೆ ಆ ಕಾಮಿಕ್ಸ್ ಪುಸ್ತಕ, ಇನ್ನೂ ಭಯಂಕರವಾಗಿದೆ ಅಂತಾರೆ. ಕೊನೆಯಲ್ಲಿ ಬರೋ ಆ ಗುಟ್ಟೂ ಅಲ್ಲಿಂದಲೇ ಬಂದಿದ್ದಂತೆ. ಓದಬಹುದಾ?”

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರ ಹೆಸರು ಬದಲಾಗುತ್ತೆ, ಪ್ರಶ್ನೆ ಬದಲಾಗಲ್ಲ. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿ, ಒಂದೇ ಸಲಕ್ಕೆ ಬರೆದುಬಿಡುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ ಕೈತೊಳೆದುಕೊಳ್ಳಬಹುದು.

ಚಿಕ್ಕ ಉತ್ತರ ಬೇಕಾದವರಿಗೆ: ಓದಿ. ನಿದ್ದೆ ಕೆಡಲ್ಲ. ಆ ಗುಟ್ಟು ಅಲ್ಲಿಲ್ಲ.

ಇನ್ನು ಮುಂದೆ ಸಿನಿಮಾದ ಕೊನೆ, ಮಾಂಗಾದ ಕೊನೆ ಎರಡನ್ನೂ ಬಿಚ್ಚಿ ಹೇಳ್ತೀನಿ. ಸಿನಿಮಾ ಬಂದಿದ್ದು 2003ರಲ್ಲಿ. ಇಷ್ಟು ವರ್ಷ ಕಾದಿದ್ದೀರಿ, ಇನ್ನೂ ಕಾಯೋದಾದರೆ ಇಲ್ಲಿಗೇ ನಿಲ್ಲಿಸಿ, ನನ್ನ ಬೇಜಾರಿಲ್ಲ.

ಅದಕ್ಕೂ ಮೊದಲು ಒಂದು ಮಾತು. ಅದು ‘ಮಾಂಗಾ’. ಮಂಗ ಅಲ್ಲ, ತಮಿಳಿನ ಮಾವಿನಕಾಯಿಯೂ ಅಲ್ಲ. ಹೋದ ಸಲ ಒಬ್ಬರು “ನಿಮ್ಮ ಮಂಗಗಳ ಬಗ್ಗೆ ಇನ್ನೂ ಬರೆಯಿರಿ” ಅಂತ ಕೇಳಿದ್ದರು. ಪ್ರೀತಿಯಿಂದಲೇ ಕೇಳಿದ್ದು, ಇರಲಿ.

ಕಥೆ ಬರೆದವರು ಗಾರೊನ್ ತ್ಸುಚಿಯಾ, ಚಿತ್ರ ಬರೆದವರು ನೊಬುವಾಕಿ ಮಿನೆಗಿಶಿ. 1996ರಿಂದ 1998ರವರೆಗೆ ಫುತಾಬಾಶಾ ಪ್ರಕಾಶನದ ‘ವೀಕ್ಲಿ ಮಾಂಗಾ ಆಕ್ಷನ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 79 ಕಂತು, ಪುಸ್ತಕವಾದಾಗ 8 ಸಂಪುಟ. ಓದುಗರು ಯಾರು? ಸಂಜೆ ಕೆಲಸ ಮುಗಿಸಿ ರೈಲಲ್ಲಿ ಮನೆಗೆ ಹೋಗೋ ವಯಸ್ಕರು. ಮಕ್ಕಳಿಗಂತೂ ಅಲ್ಲ. ಹೆಂಗಸರ ಬೆತ್ತಲೆ ಚಿತ್ರಗಳಿವೆ, ಯಾಕುಜಾ ಅನ್ನೋ ಜಪಾನಿ ರೌಡಿ ಗ್ಯಾಂಗಿನವರಿದ್ದಾರೆ, ಹೊಡೆದಾಟವೂ ಇದೆ. ಮನೆಯಲ್ಲಿ ಹೈಸ್ಕೂಲು ಓದೋ ಮಕ್ಕಳಿದ್ದರೆ ಪುಸ್ತಕ ಮೇಲಿನ ಅಟ್ಟದಲ್ಲಿಡಿ.

ಶುರು ಎರಡರಲ್ಲೂ ಒಂದೇ. ಒಬ್ಬ ಸಾಮಾನ್ಯ ಮನುಷ್ಯನನ್ನು ಯಾರೋ ಎತ್ತಿಕೊಂಡು ಹೋಗಿ ಒಂದು ಖಾಸಗಿ ಜೈಲಿನಲ್ಲಿ ಕೂಡಿಹಾಕ್ತಾರೆ. ಕೋಣೆಯಲ್ಲಿ ಒಂದು ಟಿವಿ ಬಿಟ್ಟರೆ ಜೊತೆಗೆ ಯಾರೂ ಇಲ್ಲ. ಯಾಕೆ ಅಂತ ಹೇಳಲ್ಲ. ವರ್ಷಗಳಾದ ಮೇಲೆ ಒಂದು ದಿನ ಹಾಗೇ ಬಿಟ್ಟುಬಿಡ್ತಾರೆ. ಬಿಡುವಾಗಲೂ ಯಾಕೆ ಅಂತ ಹೇಳಲ್ಲ. ಹೊರಗೆ ಬಂದವನು ತನ್ನನ್ನು ಕೂಡಿಹಾಕಿದವರು ಯಾರು ಅಂತ ಹುಡುಕುತ್ತಾ ಹೊರಡುತ್ತಾನೆ. ಒಳಗೆ ದಿನಾ ತಿಂದ ಊಟದ ರುಚಿ ನಾಲಿಗೆಗೆ ಅಂಟಿಕೊಂಡಿರುತ್ತೆ. ಅದೇ ಜಾಡು ಹಿಡಿದು ಒಂದೊಂದೇ ಚೈನೀಸ್ ಹೋಟೆಲ್ಲಿಗೆ ಹೋಗಿ ರುಚಿ ನೋಡ್ತಾನೆ. ಕೊರಿಯಾದ ಸಿನಿಮಾದಲ್ಲಿ ಅದು ಕರಿದ ‘ಮಂದು’. ನಮ್ಮ ಬಾಯಿಗೆ ಕಡುಬು ಅನ್ನಿ, ಮೋಮೊ ಅನ್ನಿ. ಪತ್ತೇದಾರಿಕೆ ಅಂದರೆ ಇದು. ಬೆರಳಚ್ಚು, ಭೂತಗನ್ನಡಿ ಯಾವುದೂ ಇಲ್ಲ, ಬರೀ ನಾಲಿಗೆ!

ಇಷ್ಟರವರೆಗೆ ಇಬ್ಬರೂ ಒಂದೇ ದಾರಿ. ಇಲ್ಲಿಂದ ಮುಂದೆ ಮಾಂಗಾ ಒಂದು ಕಡೆ, ಸಿನಿಮಾ ಇನ್ನೊಂದು ಕಡೆ. ನಮ್ಮ ಜನ ಒಪ್ಪದೇ ಇರೋದು ಇದನ್ನೇ.

ಸರಿ, ಲೆಕ್ಕ ಮಾಡೋಣ. ಮೂರನೇ ಕ್ಲಾಸಿನ ಲೆಕ್ಕ ಸಾಕು.

ಸಿನಿಮಾದ ಗುಟ್ಟು ಏನು? ನಾಯಕ ಓ ದೇ-ಸು ಹೊರಗೆ ಬಂದ ಮೇಲೆ ಪ್ರೀತಿಸುವ ಮಿ-ದೋ ಅವನ ಸ್ವಂತ ಮಗಳು. ಇಬ್ಬರಿಗೂ ಅದು ಗೊತ್ತಿಲ್ಲ. ಸಮ್ಮೋಹನ ಮಾಡಿಸಿ, ಇಬ್ಬರನ್ನೂ ಒಂದುಗೂಡಿಸಿದವನು ಖಳನಾಯಕ ಲೀ ವೂ-ಜಿನ್. ಈಗ ಸಿನಿಮಾದ ಶುರುವಿನ ಭಾಗ ನೆನಪು ಮಾಡ್ಕೊಳ್ಳಿ. 1988ರ ಒಂದು ರಾತ್ರಿ, ಕುಡಿದು ಗಲಾಟೆ ಮಾಡಿ ಪೊಲೀಸ್ ಠಾಣೆಯಲ್ಲಿ ಕೂತಿದ್ದಾನೆ. ಕೈಯಲ್ಲಿ ಪುಟ್ಟ ಮಗಳ ಹುಟ್ಟುಹಬ್ಬಕ್ಕೆ ತಂದ ರೆಕ್ಕೆಗಳಿವೆ. ಅಲ್ಲಿಂದ 15 ವರ್ಷ ಕೂಡಿಸಿ. ಮಗು ಬೆಳೆದು ಯುವತಿಯಾಗಿರುತ್ತಾಳೆ. ಲೆಕ್ಕ ಸರಿಹೋಯಿತು, ಅಲ್ವಾ?

ಈಗ ಮಾಂಗಾಗೆ ಬನ್ನಿ. ನಾಯಕನ ಹೆಸರು ಶಿನಿಚಿ ಗೋಟೋ. ಎತ್ತಿಕೊಂಡು ಹೋದಾಗ ಅವನ ವಯಸ್ಸು 25. ಮದುವೆಯಾಗಿಲ್ಲ. ಮಗಳೂ ಇಲ್ಲ. ಒಳಗಿದ್ದದ್ದು 10 ವರ್ಷ. ಹೊರಗೆ ಬಂದಾಗ 35. ಗುಟ್ಟಾಗಿ ಮಗಳಿದ್ದಳು ಅಂತಲೇ ಇಟ್ಟುಕೊಳ್ಳಿ, ಅವನು ಒಳಗೆ ಹೋಗುವಾಗ ಹುಟ್ಟಿದ್ದರೆ ಈಗ ಹತ್ತು ವರ್ಷದ ಹುಡುಗಿ, ಶಾಲೆಯ ಚೀಲ ಹಾಕ್ಕೊಂಡು ಓಡಾಡಬೇಕು. ಆದರೆ ಅವನಿಗೆ ಸಿಗೋ ಎರಿ ದುಡಿದು ತಿನ್ನೋ ವಯಸ್ಸಿನ ಹೆಣ್ಣುಮಗಳು. ಅವಳು ಅವನ ಮಗಳಾಗೋದಕ್ಕೆ ಹೇಗೆ ಸಾಧ್ಯ? ಯಾವ ಪುಟ ತಿರುವಿದರೂ ಆ ಗುಟ್ಟು ಸಿಗಲ್ಲ. ಕಥೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಹತ್ತು ವರ್ಷ ಹದಿನೈದಾಗಿದ್ದು ಯಾಕೆ ಅಂತ ಈಗ ಕಾಣುತ್ತೆ ನೋಡಿ. ನಿರ್ದೇಶಕ ಪಾರ್ಕ್ ಚಾನ್-ವೂಕ್ ಮತ್ತು ಅವರ ಜೊತೆ ಚಿತ್ರಕಥೆ ಬರೆದವರು ಕಥೆಗೆ ಹೊಸ ಗುಟ್ಟು ತಂದರು. ಆ ಗುಟ್ಟಿಗೆ ಮಗು ಬೆಳೆಯಬೇಕು. ಹತ್ತು ವರ್ಷ ಸಾಲಲ್ಲ. ಸುಮ್ನೆ ಜಾಸ್ತಿ ಇರಲಿ ಅಂತ ಐದು ಸೇರಿಸಿದ್ದಲ್ಲ ಅನ್ನೋದು ನನ್ನ ಲೆಕ್ಕಾಚಾರ.

ಇಷ್ಟು ಹೇಳಿದ ಮೇಲೂ ಒಬ್ಬರು ವಾದ ಮಾಡ್ತಾರೆ: “ಇಲ್ಲ ಸರ್, ನನ್ನ ಫ್ರೆಂಡ್ ಓದಿದ್ದಾನೆ.” ನಿಮ್ಮ ಫ್ರೆಂಡ್ ಓದಿಲ್ಲ. ಓದಿದ್ದರೆ ಸುತ್ತಿಗೆಯ ಜಗಳ ಎಲ್ಲಿ ಅಂತ ಕೇಳಿ. ಉದ್ದನೆಯ ಕಾರಿಡಾರಿನಲ್ಲಿ ಒಬ್ಬನೇ ಸುತ್ತಿಗೆ ಹಿಡಿದು ರೌಡಿಗಳ ಹಿಂಡನ್ನೇ ಬಡಿಯೋ ದೃಶ್ಯ. ಪಕ್ಕದಿಂದ ಹಿಡಿದ ಒಂದೇ ಶಾಟ್, ಮೂರು ದಿನದ ಶೂಟಿಂಗ್, 17 ಟೇಕ್. “ಮಾಂಗಾ ಪುಟದ ಹಾಗೇ ಇದೆ” ಅಂತ ಎಲ್ಲರೂ ಮೆಚ್ಚಿಕೊಳ್ತಾರೆ. ಮಾಂಗಾದಲ್ಲಿ ಆ ಪುಟವೇ ಇಲ್ಲ! ಜೀವಂತ ಆಕ್ಟೋಪಸ್ ತಿನ್ನೋದು? ಇಲ್ಲ. ಅದನ್ನು ಮಾಡಿದ್ದು ನಟ ಚೊಯ್ ಮಿನ್-ಸಿಕ್. ಅವರು ಬೌದ್ಧರು. ಟೇಕ್‌ಗಳಿಗೆ ಅಂತ ನಾಲ್ಕು ಆಕ್ಟೋಪಸ್ ತಿಂದರು, ಪ್ರತಿಯೊಂದಕ್ಕೂ ಕ್ಷಮೆ ಕೇಳಿಕೊಂಡರು. ಹಲ್ಲು ಕೀಳೋದು, ನಾಲಿಗೆ ಕತ್ತರಿಸಿಕೊಳ್ಳೋದು ಎಲ್ಲಾ ಸಿನಿಮಾದ್ದೇ. ಯಾವ ದೃಶ್ಯಗಳಿಂದ ನಿಮ್ಮ ನಿದ್ದೆ ಕೆಟ್ಟಿತೋ ಅವೆಲ್ಲಾ ಕೊರಿಯಾದವು. ಪಾಪ, ಜಪಾನಿನ ಪುಸ್ತಕಕ್ಕೆ ಸುಮ್ಮನೆ ಕೆಟ್ಟ ಹೆಸರು.

ಮಾಂಗಾದಲ್ಲಿ ಜಾಸ್ತಿ ಇರೋದು ನಡಿಗೆ, ಸಿಗರೇಟು, ಬಾರಿನಲ್ಲಿ ಕೂತು ಆಡೋ ಮಾತು. ಎಷ್ಟೋ ಪುಟಗಳಲ್ಲಿ ಗೋಟೋ ಸುಮ್ಮನೆ ಯೋಚನೆ ಮಾಡ್ತಾ ಇರ್ತಾನೆ. ಮಿನೆಗಿಶಿಯವರ ಗೆರೆ ತಣ್ಣಗಿದೆ. ರಕ್ತ ನೋಡೋಕೆ ಬಂದವರಿಗೆ ಬೋರಾಗುತ್ತೆ, ಮೊದಲೇ ಹೇಳಿದ್ದೀನಿ.

ಹಾಗಾದರೆ ಈ ತಪ್ಪು ನಂಬಿಕೆ ಬಂದಿದ್ದು ಎಲ್ಲಿಂದ? ಮಾಂಗಾ ಇಂಗ್ಲಿಷಿಗೆ ಬಂದಿದ್ದೇ 2006ರಲ್ಲಿ, ಅಮೆರಿಕದ ಡಾರ್ಕ್ ಹಾರ್ಸ್ ಮೂಲಕ. 2007ರಲ್ಲಿ ಅದಕ್ಕೆ ಕಾಮಿಕ್ಸ್‌ಗೆ ಅಂತಲೇ ಕೊಡೋ ಐಸ್ನರ್ ಪ್ರಶಸ್ತಿಯೂ ಬಂತು. ಅಷ್ಟರಲ್ಲಿ ಸಿನಿಮಾ ಬಂದು ಮೂರು ವರ್ಷ ಆಗಿ, ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರಿ ಗೆದ್ದು, ಎಲ್ಲರ ಬಾಯಲ್ಲೂ ಇತ್ತು. (ಗ್ರ್ಯಾನ್ ಪ್ರಿ ಅಂದರೆ ಎರಡನೇ ಬಹುಮಾನ. ಆ ವರ್ಷ ಅಮೆರಿಕದ ನಿರ್ದೇಶಕ ಟಾರಂಟಿನೊ ತೀರ್ಪುಗಾರರ ಅಧ್ಯಕ್ಷ. ಓಲ್ಡ್‌ಬಾಯ್ ಮೊದಲ ಬಹುಮಾನವಾದ ಪಾಮ್ ದೋರ್ ಗೆದ್ದಿತು ಅಂತ ಬರೆಯೋರಿಗೆ ಇನ್ನೊಂದು ಪತ್ರ ಬರೀಬೇಕು.) ಸಿನಿಮಾ ನೋಡಿದವರು ‘ಇದೇ ಹೀಗಿದ್ದರೆ ಮೂಲ ಇನ್ನು ಹೇಗಿರಬೇಡ’ ಅಂದುಕೊಂಡರು. ಜಪಾನಿ ಕ್ರೈಮ್ ಮಾಂಗಾ ಅಂದರೆ ರಕ್ತದ ಕೋಡಿ ಅನ್ನೋ ಕಲ್ಪನೆ ಬೇರೆ. ಅದು ಪೂರ್ತಿ ಸುಳ್ಳೂ ಅಲ್ಲ. ಹಿದೆಯೊ ಯಾಮಾಮೊಟೊ ಅವರ ‘ಇಚಿ ದಿ ಕಿಲ್ಲರ್’ ಇದೆಯಲ್ಲ, ಅದು ನಿಜಕ್ಕೂ ಹಾಗೇ ಇದೆ. ಅದರ ಸಿನಿಮಾವನ್ನು ತಕಾಶಿ ಮಿಕೆ 2001ರಲ್ಲಿ ಮಾಡಿದರು. ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರಿಗೆ ವಾಂತಿ ಚೀಲ ಹಂಚಿದ್ದರು. ಅದನ್ನು ನೋಡಿ ಇದನ್ನೂ ಹಾಗೇ ಅಂದುಕೊಂಡರೆ, ಒಂದೇ ಬೀದಿಯ ಎರಡು ಮನೆಗೆ ಒಂದೇ ಬೀಗದ ಕೈ ಹಾಕಿದ ಹಾಗೆ.

ಸರಿ, ಮಾಂಗಾದ ಗುಟ್ಟು ಏನು? ನನಗೆ ಇಷ್ಟವಾದದ್ದು ಇದೇ.

ಗೋಟೋನನ್ನು ಕೂಡಿಹಾಕಿದವನು ಕಾಕಿನುಮಾ. ಇಬ್ಬರೂ ಪ್ರಾಥಮಿಕ ಶಾಲೆಯಲ್ಲಿ ಸಹಪಾಠಿಗಳು, ಆರನೇ ಕ್ಲಾಸು. ಸಂಗೀತದ ಪೀರಿಯಡ್. ಒಬ್ಬೊಬ್ಬರೇ ಎದ್ದು ಹಾಡಬೇಕು. ಯಾರಿಗೂ ಬೇಡವಾದ, ಒಂಟಿ ಹುಡುಗ ಕಾಕಿನುಮಾ ಎದ್ದು ಹಾಡುತ್ತಾನೆ. ಇಡೀ ಕ್ಲಾಸಿನಲ್ಲಿ ಗೋಟೋ ಒಬ್ಬನ ಕಣ್ಣಲ್ಲಿ ನೀರು ಬರುತ್ತೆ.

ಅಷ್ಟೇ. ಹೊಡೆದಿಲ್ಲ, ಬೈದಿಲ್ಲ, ನಕ್ಕಿಲ್ಲ. ಹಾಡು ಕೇಳಿ ಅತ್ತ. ತನ್ನ ಒಂಟಿತನವನ್ನು ಇವನು ಕಂಡುಬಿಟ್ಟ ಅನ್ನೋದೇ ಕಾಕಿನುಮಾಗೆ ತಡೆಯಲಾರದ ಅವಮಾನವಾಯಿತು. ಅದಕ್ಕೆ ಹತ್ತು ವರ್ಷದ ಜೈಲು. ಗೋಟೋಗೆ ಆ ದಿನ ನೆನಪೇ ಇಲ್ಲ. ಎಂಟು ಸಂಪುಟ ಉದ್ದಕ್ಕೂ ಅವನು ಹುಡುಕೋದು ಆ ನೆನಪನ್ನು. “ಇಷ್ಟಕ್ಕೇನಾ?” ಅಂತ ಪುಸ್ತಕ ಎಸೆದವರನ್ನು ನಾನು ನೋಡಿದ್ದೇನೆ. ಇಷ್ಟಕ್ಕೇ ಅನ್ನೋದೇ ನನಗೆ ಭಯ ಹುಟ್ಟಿಸಿದ್ದು.

ಸಿನಿಮಾದಲ್ಲಿ ಕಾರಣ ಬೇರೆ. ಅಲ್ಲಿ ಹೈಸ್ಕೂಲು. ದೇ-ಸು ನೋಡಬಾರದ್ದನ್ನು ನೋಡಿ ಗೆಳೆಯನ ಹತ್ತಿರ ಬಾಯಿಬಿಟ್ಟ. ಗಾಳಿಮಾತು ಊರೆಲ್ಲಾ ಹಬ್ಬಿ ವೂ-ಜಿನ್‌ನ ಅಕ್ಕ ಪ್ರಾಣ ಕಳೆದುಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಅದೇ. ಕೊರಿಯಾದವನು ಕೆಟ್ಟಿದ್ದು ಬಾಯಿಂದ, ಜಪಾನಿನವನು ಕೆಟ್ಟಿದ್ದು ಕಣ್ಣೀರಿನಿಂದ.

ಉಳಿದ ಸಿನಿಮಾಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 2006ರ ಹಿಂದಿಯ ‘ಜಿಂದಾ’, ಸಂಜಯ್ ಗುಪ್ತಾ ನಿರ್ದೇಶನ, ಸಂಜಯ್ ದತ್ ಮತ್ತು ಜಾನ್ ಅಬ್ರಹಾಂ. ಕೊರಿಯಾದ ಸಿನಿಮಾದ ಹಕ್ಕು ತಗೊಳ್ಳದೇ ಮಾಡಿದ್ದು. ಅಲ್ಲಿ 14 ವರ್ಷ, ಶ್ರೀರಾಮನ ವನವಾಸದ ಲೆಕ್ಕ. ತಂದೆ-ಮಗಳ ಗುಟ್ಟನ್ನು ಕೈಬಿಟ್ಟರು, ಮಾಂಗಾದ ಗುಟ್ಟನ್ನೂ ತರಲಿಲ್ಲ, ಸುತ್ತಿಗೆ ಮಾತ್ರ ಮರೆಯದೇ ತಂದರು. 2008ರಲ್ಲಿ ಸ್ಪೀಲ್‌ಬರ್ಗ್ ಮತ್ತು ವಿಲ್ ಸ್ಮಿತ್ ಸೇರಿ ಮಾಡ್ತಾರೆ ಅಂತ ಸುದ್ದಿಯಾಯಿತು. ಕೊರಿಯಾದ ಸಿನಿಮಾ ಬಿಟ್ಟು ಮಾಂಗಾವನ್ನೇ ಆಧಾರ ಮಾಡಿಕೊಳ್ತಾರೆ ಅನ್ನೋ ಮಾತಿತ್ತು. ಆಸೆಯಿಂದ ಕಾದಿದ್ದೆ, ಅದು ಆಗಲೇ ಇಲ್ಲ. ಕೊನೆಗೆ 2013ರಲ್ಲಿ ಸ್ಪೈಕ್ ಲೀ ಮಾಡಿದರು, ಜಾಶ್ ಬ್ರೋಲಿನ್ ನಾಯಕ. ಅಲ್ಲಿ 20 ವರ್ಷ. ನಿರ್ಮಾಪಕರು ಕತ್ತರಿ ಆಡಿಸಿದರು ಅಂತ ಲೀ ತೆರೆ ಮೇಲೆ ತಮ್ಮ ಹೆಸರಿನ ಜೊತೆ ಹಾಕೋ ಮಾಮೂಲಿ ‘ಜಾಯಿಂಟ್’ ಅನ್ನೋ ಪದ ತೆಗೆದು ಬರೀ ‘ಫಿಲ್ಮ್’ ಅಂತ ಹಾಕಿಸಿದರು. ಸಿನಿಮಾ ಓಡಲಿಲ್ಲ. ಮಾಂಗಾವನ್ನು ಇದ್ದ ಹಾಗೇ ತೆರೆಗೆ ತಂದ ದೊಡ್ಡ ಸಿನಿಮಾ ಇದರಲ್ಲಿ ಒಂದೂ ಇಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನಾನೇ ಕೇಳಿಕೊಳ್ತೀನಿ. ಹೆಸರು ‘ಓಲ್ಡ್‌ಬಾಯ್’ ಯಾಕೆ? ಕನ್ನಡದಲ್ಲಿ ಒಬ್ಬರು ‘ಮುದಿ ಹುಡುಗ’ ಅಂತ ಬರೆದಿದ್ದನ್ನು ಓದಿ ಕಾಫಿ ನೆತ್ತಿಗೇರಿತ್ತು. ನಮ್ಮ ಊರುಗಳ ಹಳೇ ಶಾಲೆ, ಕಾಲೇಜುಗಳ ಗೋಡೆ ಮೇಲೆ ‘ಓಲ್ಡ್ ಬಾಯ್ಸ್ ಅಸೋಸಿಯೇಷನ್’ ಅಂತ ಕಲ್ಲು ನೋಡಿದ್ದೀರಲ್ಲ, ಅದೇ ಓಲ್ಡ್ ಬಾಯ್. ಹಳೇ ವಿದ್ಯಾರ್ಥಿ. ಜಪಾನಿನಲ್ಲೂ ಇಂಗ್ಲಿಷಿನ ಆ ಎರಡು ಅಕ್ಷರ ಇಟ್ಟುಕೊಂಡು ‘ಓಬಿ’ ಅಂತಾರೆ. ಶಾಲೆಯ ಕ್ಲಬ್ಬಿನಲ್ಲಿ ಹಿಂದೆ ಆಡಿದವರು ಬಂದರೆ ಓಬಿ ಬಂದರು ಅಂತಾರೆ. ಸಿನಿಮಾದಲ್ಲೂ ಗುಟ್ಟಿನ ದಾರಿ ಸಿಗೋದು ಶಾಲೆಯ ಹಳೇ ವಿದ್ಯಾರ್ಥಿಗಳ ವೆಬ್‌ಸೈಟಿನಿಂದ. ಉತ್ತರ ಶಾಲೆಯಲ್ಲಿದೆ ಅಂತ ಹೆಸರೇ ಕೂಗಿ ಹೇಳ್ತಾ ಇರುತ್ತೆ, ನಮಗೆ ಕೇಳಿಸಲ್ಲ.

ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಕೂಟ ಈಚೆಗೆ ನಡೆಯಿತು. ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತವನು ಗುರುತು ಹತ್ತಲಿಲ್ಲ. ಹೆಸರು ಹೇಳಿದ ಮೇಲೆ ಅಷ್ಟಿಷ್ಟು ನೆನಪಾಯಿತು. ಪಲ್ಯ ಬಡಿಸಿ ಹೋದ ಮೇಲೆ ಮೆಲ್ಲಗೆ ಹೇಳಿದ: “ಎಂಟನೇ ಕ್ಲಾಸಲ್ಲಿ ನೀನು ನನ್ನ ಇಂಕ್ ಪೆನ್ನಿನ ನಿಬ್ಬು ಮುರಿದು, ಮುಚ್ಚಳ ಹಾಕಿ ಹಾಗೇ ಇಟ್ಟಿದ್ದೆ. ಮರುದಿನ ಪರೀಕ್ಷೆ ಕಣೋ.” ಎರಡನೇ ಬೆಂಚು, ಕಿಟಕಿ ಪಕ್ಕ, ಪೆನ್ನು ಹಸಿರು ಬಣ್ಣದ್ದು ಅಂತಲೂ ಹೇಳಿದ. ನಗ್ತಾ ಇದ್ದ, ಆದರೆ ಒಂದು ವಿವರವನ್ನೂ ಬಿಡಲಿಲ್ಲ. ನಾನು ಮುರಿದಿರಲಿಕ್ಕಿಲ್ಲ ಅಂದೆ. “ನೀನೇ” ಅಂದ. ಆಮೇಲೆ ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ. ಆ ನಿಬ್ಬು ಮಾತ್ರ ನನಗೆ ಇವತ್ತಿನವರೆಗೂ ನೆನಪಾಗಿಲ್ಲ.