ಪದ ಪರಿಚಯ: ಅಂಜನ ಹುಲ್ಲು

ಕೊಪ್ಪಳ ಜಿಲ್ಲೆಯಲ್ಲಿ ‘ಅಂಜನ’ ಎಂದ ಕೂಡಲೇ ಆನೆಗೊಂದಿ ಪಕ್ಕದ ಅಂಜನಾದ್ರಿ ನೆನಪಾಗುತ್ತದೆ. ಆದರೆ ಅಂಜನ ಎಂಬ ಈ ಮೇವಿನ ಹುಲ್ಲಿನ ಹೆಸರು ಆ ಬೆಟ್ಟದಿಂದ ಬಂದದ್ದಲ್ಲ. ಉತ್ತರದ ರಾಜ್ಯಗಳಲ್ಲಿ ಇದನ್ನು ‘ಅಂಜನ್’ ಎಂದೂ ‘ಧಾಮನ್’ ಎಂದೂ ಕರೆಯುತ್ತಾರೆ. ಮೊದಲನೆಯ ಹೆಸರೇ ನಮ್ಮಲ್ಲೂ ಬಳಕೆಗೆ ಬಂದಿದೆ. ಹಿಂದಿಯಲ್ಲಿ ಅಂಜನ್ ಎಂಬ ಮರವೂ ಇದೆ, ಅದು ನಮ್ಮ ಒಣ ಕಾಡುಗಳ ಕಮರದ ಮರ. ಎಲ್ಲಾದರೂ ಬರೀ ‘ಅಂಜನ’ ಎಂದು ಓದಿದರೆ ಹುಲ್ಲೋ ಮರವೋ ಎಂದು ನೋಡಿಕೊಳ್ಳಬೇಕು.

ಸಸ್ಯಶಾಸ್ತ್ರದಲ್ಲಿ ಇದು ಸೆಂಕ್ರಸ್ ಸಿಲಿಯಾರಿಸ್. ಮೊದಲ ಪದದ ಮೂಲ ಸಿರಿಧಾನ್ಯವನ್ನು ಸೂಚಿಸುವ ಗ್ರೀಕ್ ಪದ. ಎರಡನೆಯದಕ್ಕೆ ರೆಪ್ಪೆಗೂದಲಿನಂಥ ಅಂಚುಳ್ಳದ್ದು ಎಂಬ ಅರ್ಥ ಲ್ಯಾಟಿನ್‌ನಲ್ಲಿದೆ. ತೆನೆಯನ್ನು ಬೆರಳಿನಿಂದ ಸವರಿದರೆ ಆ ಮೃದುವಾದ ಕೂದಲು ತಿಳಿಯುತ್ತದೆ. ಇದೇ ಕುಲದ ಕೆಲವು ಹುಲ್ಲುಗಳಲ್ಲಿ ಅದು ಚುಚ್ಚುವ ಮುಳ್ಳಾಗಿರುತ್ತದೆ. ಒಂದು ಹೆಸರಿನಲ್ಲಿ ಕಣ್ಣಿಗೆ ಹಚ್ಚುವ ಕಪ್ಪು, ಇನ್ನೊಂದರಲ್ಲಿ ಕಣ್ಣಿನ ರೆಪ್ಪೆ! ಕಾಕತಾಳೀಯವೇ ಇರಬಹುದು, ಆದರೂ ನನಗೆ ಇದು ಬಹಳ ಇಷ್ಟ.

ಹುಲ್ಲು ತಾನಾಗಿ ಹುಟ್ಟುವಂಥದ್ದು, ಹೊಲದಲ್ಲಿ ಕಂಡರೆ ಕಸವೆಂದು ಕಿತ್ತು ಬದುವಿಗೆ ಎಸೆಯುವಂಥದ್ದು ಎಂಬುದು ನಮ್ಮ ರೂಢಿ. “ಹುಲ್ಲನ್ನು ಯಾರಾದರೂ ಬಿತ್ತುತ್ತಾರೇನಪ್ಪ?” ಎಂದು ಕುಷ್ಟಗಿ ಕಡೆಯ ಕುರಿ ಸಾಕುವ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಅವರ ಅಜ್ಜನ ಕಾಲಕ್ಕೆ ಆ ಪ್ರಶ್ನೆ ಸರಿ. ಈಗ ಗೋಮಾಳಗಳು ಕಿರಿದಾಗಿವೆ. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಹತ್ತಿ, ಮೆಕ್ಕೆಜೋಳ ಬಂದ ಮೇಲೆ ಬಣವೆಗೆ ಕಣಿಕೆಯೂ ಸಾಲದು. ದನ, ಕುರಿ ಇರುವವರು ಮೇವನ್ನೂ ಒಂದು ಬೆಳೆಯೆಂದೇ ಎಣಿಸಬೇಕು.

ವರ್ಷಕ್ಕೆ 300 ಮಿ.ಮೀ. ಮಳೆ ಬಿದ್ದರೂ ಅಂಜನ ಹುಲ್ಲು ಬದುಕುತ್ತದೆ. ನಮ್ಮ ಭಾಗದಲ್ಲಿ ಸರಾಸರಿ ಮಳೆ ಅದಕ್ಕಿಂತ ಹೆಚ್ಚೇ. ಬೆಳೆ ಕೆಡುವುದು ಒಂದು ಮಳೆಗೂ ಇನ್ನೊಂದಕ್ಕೂ ನಡುವಿನ ಉರಿಬಿಸಿಲಿನ ದಿನಗಳಲ್ಲಿ. ಆಗ ಜೋಳ ಬಾಡುತ್ತದೆ, ಅಂಜನವೂ ಮೇಲೆ ಒಣಗಿ ಸತ್ತಂತೆ ಕಾಣುತ್ತದೆ. ಆದರೆ ಅದರ ಕಾಂಡದ ಬುಡ ಗಡ್ಡೆಯಂತೆ ಊದಿರುತ್ತದೆ, ಅಲ್ಲಿ ಆಹಾರ ಕೂಡಿಟ್ಟಿರುತ್ತದೆ. ಬೇರು ಎರಡು ಮೀಟರ್ ಆಳದವರೆಗೂ ಇಳಿಯಬಲ್ಲದು. ಒಂದು ಹದವಾದ ಮಳೆಗೆ ಅದೇ ಬುಡ ಚಿಗುರುತ್ತದೆ.

ಈ ಗಟ್ಟಿತನಕ್ಕೆ ಇನ್ನೊಂದು ಮುಖವೂ ಇದೆ. ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಅರಿಜೋನಾದಲ್ಲಿ ಹೊರಗಿನಿಂದ ಹೋದ ಈ ಹುಲ್ಲು ಅಲ್ಲಿನ ಗಿಡಗಳನ್ನು ಒತ್ತರಿಸಿ, ಒಣಗಿದಾಗ ಕಾಳ್ಗಿಚ್ಚಿಗೆ ಸೌದೆಯಾಗಿದೆ. ಭಾರತ ಇದರ ಸಹಜ ನೆಲೆಗಳಲ್ಲಿ ಒಂದು. ಹಾಗಿದ್ದರೂ ಇದನ್ನು ಬದುಗಳಿಗೆ, ಸ್ವಂತ ಬೀಳು ಹೊಲಕ್ಕೆ ಇಟ್ಟುಕೊಳ್ಳಬೇಕು. ದರೋಜಿಯ ಕುರುಚಲು ಕಾಡಿಗೋ ಸಂಡೂರಿನ ಬೆಟ್ಟಕ್ಕೋ ಬೀಜ ಎರಚುವುದು ತಪ್ಪು ಎಂದೇ ನನ್ನ ನಿಲುವು.

ನೀರು ಬಸಿದುಹೋಗುವ ಮಸಾರಿ (ಕೆಂಪು ಮಣ್ಣಿನ) ಭೂಮಿ ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಎರೆ (ಕಪ್ಪು) ಮಣ್ಣಿನಲ್ಲಿ ಏಳಿಗೆಯಾಗದು. ಎಕರೆಗೆ ಸುಮಾರು ಎರಡು ಕಿಲೋ ಬೀಜ ಸಾಕು. ಬೀಜ ಹತ್ತಿಯಂತೆ ಹಗುರ, ಗಾಳಿಗೆ ಹಾರುತ್ತದೆ. ಆದ್ದರಿಂದ ಹಸಿ ಮರಳಿನಲ್ಲಿ ಬೆರೆಸಿ, ಮುಂಗಾರು ಹಿಡಿದ ಮೇಲೆ ಒಂದೂವರೆ, ಎರಡು ಅಡಿ ಅಂತರದ ಸಾಲುಗಳಲ್ಲಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಎಳೆಯಬೇಕು. ಒಂದು ಸೆಂಟಿಮೀಟರ್‌ಗಿಂತ ಬಹಳ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದು ಕಷ್ಟ. ಬೇರುಸಹಿತ ಬುಡ ಸೀಳಿ ನೆಡುವುದೂ ಉಂಟು. ಮೊದಲ ವರ್ಷ ಕುರಿ ಬಿಡಬಾರದು. ಆಮೇಲೆ ಹೂ ಬರುವ ಹೊತ್ತಿಗೆ, ನೆಲದಿಂದ ನಾಲ್ಕು ಬೆರಳಿಗಿಂತ ಮೇಲೆ ಕೊಯ್ಯಬೇಕು. ಬಲಿತಷ್ಟೂ ಸತ್ವ ಇಳಿಯುತ್ತದೆ. ನಡುವೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಸೇರಿಸಿದರೆ ಮಣ್ಣಿಗೂ ಒಳ್ಳೆಯದು.

ಝಾನ್ಸಿಯಲ್ಲಿ 1962ರಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ‘ಬುಂದೇಲ್ ಅಂಜನ್-1’ ಹೆಸರಾದ ತಳಿ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ಒಮ್ಮೆ ಬೀಜ ತಂದರೆ ಮುಂದೆ ನಮ್ಮದೇ ಬೀಜ ಮಾಡಿಕೊಳ್ಳಬಹುದು, ಏಕೆಂದರೆ ಈ ಹುಲ್ಲು ಬಹುಪಾಲು ಪರಾಗದ ಬೆರಕೆಯಿಲ್ಲದೆಯೇ ಬೀಜ ಕಟ್ಟುತ್ತದೆ. ಮಗಳು ತಾಯಿಯಂತೆಯೇ ಇರುತ್ತಾಳೆ. ತೆನೆಗಳು ಒಟ್ಟಿಗೆ ಮಾಗುವುದಿಲ್ಲ, ಕೆಲವು ದಿನಗಳಿಗೊಮ್ಮೆ ಕೈಯಿಂದ ಸವರಿ ಕಿತ್ತುಕೊಳ್ಳಬೇಕು. ಹೊಸ ಬೀಜ ನಿದ್ದೆಯಲ್ಲಿರುತ್ತದೆ, ಕೂಡಲೇ ಬಿತ್ತಿದರೆ ಸರಿಯಾಗಿ ಮೊಳೆಯದು. ಒಣಗಿಸಿ, ಚೀಲ ಕಟ್ಟಿ, ಮುಂದಿನ ಮುಂಗಾರಿನವರೆಗೆ ಇಡಬೇಕು.